ಗ್ಯಾಸ್ ತುಂಬಿಸುವ ಮೊದಲು ತೂತು ಹುಡುಕಿ

ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಯುಗಾದಿ ಕಳೆಯಿತೆಂದರೆ ದಾವಣಗೆರೆಯ ನಮ್ಮ ಗ್ಯಾರೇಜಿನ ಮುಂದೆ ಬಾನೆಟ್ ಎತ್ತಿಕೊಂಡು ನಿಂತ ಕಾರುಗಳ ಸಾಲು ಶುರುವಾಗುತ್ತದೆ. ಈ ಸಲ ಪತ್ರಿಕೆಗೆ ಬಂದ ಪತ್ರಗಳೂ ಹಾಗೇ ಇವೆ. ಬಹುಪಾಲು ಎಸಿಯವು, ಅದರಲ್ಲೂ ಹಳೆಯ ಗಾಡಿಗಳ ಎಸಿಯವು. ಈ ಕೆಲಸಕ್ಕೆ ಕೈಹಾಕಿ ಮೂವತ್ತು ವರ್ಷ ದಾಟಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ಉಸ್ತಾದರ ಕೈಕೆಳಗೆ ಸ್ಪ್ಯಾನರ್ ಹಿಡಿಯಲು ಕಲಿತೆ. ಆರು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲನೆಯದು ಉದ್ದವಾಯಿತು. ಅದು ಒಬ್ಬರ ಪ್ರಶ್ನೆಯಲ್ಲ, ಹಳೆಯ ಕಾರು ಇಟ್ಟುಕೊಂಡ ಎಲ್ಲರ ಪ್ರಶ್ನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮನೆಯಲ್ಲಿ 1995ರ ಅಂಬಾಸಿಡರ್ ಇದೆ, ಇಸುಜು ಪೆಟ್ರೋಲ್ ಎಂಜಿನ್ನಿನದು. ನಮ್ಮ ತಂದೆ ಕೊಂಡ ಕಾರು. ಆಗಲೇ ಡ್ಯಾಶ್‌ಬೋರ್ಡಿನ ಕೆಳಗೆ ಎಸಿ ಕೂರಿಸಿದ್ದರು. ಹತ್ತು ವರ್ಷದಿಂದ ಅದು ಕೆಲಸ ಮಾಡುತ್ತಿಲ್ಲ. ಒಬ್ಬ ಮೆಕ್ಯಾನಿಕ್ "ಹೊಸ ಗ್ಯಾಸ್ ತುಂಬಿದರೆ ಸಾಕು" ಎನ್ನುತ್ತಾನೆ, ಇನ್ನೊಬ್ಬ "ಎಲ್ಲಾ ಕಿತ್ತು ಹೊಸ ಕಿಟ್ ಹಾಕಿಸಿ" ಎನ್ನುತ್ತಾನೆ. ಮಗಳ ಮದುವೆಯ ದಿನ ಅವಳನ್ನು ಇದೇ ಕಾರಿನಲ್ಲಿ ಛತ್ರಕ್ಕೆ ಕರೆದೊಯ್ಯಬೇಕೆಂಬ ಆಸೆ. ಏನು ಮಾಡಲಿ?
— ರಾಯಚೂರು

ಮೇಷ್ಟ್ರೇ, ಇಬ್ಬರ ಮಾತನ್ನೂ ಪೂರ್ತಿ ಒಪ್ಪಬೇಡಿ. ಎಸಿ ಎಂದರೆ ಕಾರಿನೊಳಗೆ ತಂಪು ತಂದು ಸುರಿಯುವ ಯಂತ್ರವಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಯಂತ್ರ. ಮಂಡಿಯಲ್ಲಿ ಹಮಾಲಿ ಮೂಟೆ ಹೊರುತ್ತಾನಲ್ಲ, ಗ್ಯಾಸಿನದು ಅದೇ ಕೆಲಸ. ಡ್ಯಾಶ್‌ಬೋರ್ಡಿನ ಕೆಳಗಿರುವ ಕೂಲಿಂಗ್ ಕಾಯಿಲಿನಲ್ಲಿ ಬಿಸಿಯನ್ನು ಹೊತ್ತುಕೊಳ್ಳುತ್ತದೆ, ಗ್ರಿಲ್ಲಿನ ಹಿಂದಿರುವ ಕಂಡೆನ್ಸರಿನಲ್ಲಿ ಇಳಿಸುತ್ತದೆ, ಬರಿಗೈಯಲ್ಲಿ ವಾಪಸು ಬರುತ್ತದೆ. ಇಳಿಸುವ ಜಾಗ ಇಕ್ಕಟ್ಟಾಗಿದ್ದರೆ ಎಂಥ ಹಮಾಲಿಯನ್ನು ತಂದರೂ ಮೂಟೆ ಸಾಗುವುದಿಲ್ಲ. ನಿಮ್ಮ ಕಾರಿನ ವಿಷಯದಲ್ಲಿ ನಾನು ಹೇಳುವುದೆಲ್ಲ ಇದರ ಸುತ್ತಲೇ ಇದೆ.

1995ರಲ್ಲಿ ಹೊರಗಡೆ ಹಾಕಿಸಿದ ಎಸಿ ಎಂದರೆ ಬಹುತೇಕ ಆರ್-12 ಗ್ಯಾಸಿನದು. ನಾನು ಕೆಲಸ ಕಲಿತದ್ದೂ ಆ ಗ್ಯಾಸಿನ ಮೇಲೆಯೇ. ಒಳ್ಳೆಯ ಗ್ಯಾಸ್, ಕಡಿಮೆ ಒತ್ತಡದಲ್ಲಿ ಚೆನ್ನಾಗಿ ತಂಪು ಕೊಡುತ್ತಿತ್ತು. ಆದರೆ ಮೇಲೆ ಹೋದರೆ ಓಝೋನ್ ಪದರವನ್ನು ತಿನ್ನುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ನಮ್ಮ ದೇಶ 1992ರಲ್ಲಿ ಸೇರಿತು. 2003ರಿಂದ ಹೊಸ ಎಸಿಗಳಲ್ಲಿ ಅದನ್ನು ಬಳಸುವುದು ನಿಂತಿತು, 2008ರ ಆಗಸ್ಟಿಗೆ ತಯಾರಿಕೆಯೂ ನಿಂತಿತು. "ಹಳೇ ಸ್ಟಾಕ್ ಇದೆ" ಎಂದು ಯಾರಾದರೂ ಹೇಳಿದರೆ ಆ ಸಿಲಿಂಡರಿನೊಳಗೆ ಏನಿದೆ ಎಂದು ಅವರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಅದರ ಬದಲಿಗೆ ಬಂದ ಆರ್-134ಎ ಗ್ಯಾಸಿಗೆ ಬದಲಾಗಲೇಬೇಕು.

ಆದರೆ ಬರೀ ಗ್ಯಾಸ್ ಬದಲಾಯಿಸಿದರೆ ಆಗುವುದಿಲ್ಲ. ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪೇ ಕಂಪ್ರೆಸರ್. ಅದಕ್ಕೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತಿರುತ್ತದೆ. ಹಳೆಯದು ಮಿನರಲ್ ಎಣ್ಣೆ, ಅದು ಆರ್-12ರ ಜೊತೆ ಬೆರೆಯುತ್ತಿತ್ತು. ಆರ್-134ಎ ಜೊತೆ ಬೆರೆಯುವುದಿಲ್ಲ. ಗ್ಯಾಸ್ ಸುತ್ತುತ್ತದೆ, ಎಣ್ಣೆ ಎಲ್ಲೋ ಮೂಲೆಯಲ್ಲಿ ಕೂತುಬಿಡುತ್ತದೆ, ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಅದು ಒಂದು ವಾರದಲ್ಲಿ ಕಾಣುವ ತೊಂದರೆಯಲ್ಲ, ಒಂದೆರಡು ಬೇಸಿಗೆ ಕಳೆದ ಮೇಲೆ ಕಾಣುವಂಥದ್ದು. ಅದಕ್ಕೇ "ಗ್ಯಾಸ್ ತುಂಬಿದರೆ ಸಾಕು" ಎಂದವರು ಆ ದಿನ ಸರಿಯಾಗಿ ಹೇಳಿದಂತೆಯೇ ಕಾಣುತ್ತದೆ. ಕಂಪ್ರೆಸರನ್ನು ಬಿಚ್ಚಿ, ಹಳೆಯ ಎಣ್ಣೆಯನ್ನು ಬಸಿದು, ಹೊಸ ಗ್ಯಾಸಿನ ಜೊತೆ ಬೆರೆಯುವ ಎಸ್ಟರ್ ಎಣ್ಣೆ ಹಾಕಿಸಿ. ಪಿಎಜಿ ಎಣ್ಣೆಯೂ ಸಿಗುತ್ತದೆ, ಹೊಸ ಕಾರುಗಳಲ್ಲಿ ಅದೇ ಇರುವುದು. ಆದರೆ ಹಳೆಯ ಗ್ಯಾಸಿನ ಅಂಶ ಉಳಿದ ಪೈಪುಗಳಲ್ಲಿ ಎಸ್ಟರೇ ಕ್ಷೇಮ.

ಬಸಿದ ಎಣ್ಣೆಯನ್ನು ಒಂದು ಬಿಳಿ ಬಟ್ಟಲಿಗೆ ಹಾಕಿಸಿ, ಬಿಸಿಲಿಗೆ ಹಿಡಿದು ನೀವೇ ನೋಡಿ. ಜೇನಿನ ಬಣ್ಣದಲ್ಲಿ ತಿಳಿಯಾಗಿದ್ದರೆ ಆ ಕಂಪ್ರೆಸರ್ ಇನ್ನೂ ಬದುಕಿದೆ. ಕಪ್ಪಗೆ ಕಾಡಿಗೆಯಂತಿದ್ದು, ಬೆರಳಲ್ಲಿ ತಿಕ್ಕಿದರೆ ಬೆಳ್ಳಿಯ ಪುಡಿಯಂತೆ ಮಿನುಗಿದರೆ ಒಳಗಿನ ಲೋಹ ಸವೆದು ಬಂದಿದೆ ಎಂದರ್ಥ. ಆಗ ಕಂಪ್ರೆಸರೂ ಹೋಯಿತು, ಕಂಡೆನ್ಸರೂ ಹೋಯಿತು. ಆ ಪುಡಿ ಎಷ್ಟು ತೊಳೆದರೂ ಕಂಡೆನ್ಸರಿನ ಸಣ್ಣ ನಾಳಗಳಿಂದ ಪೂರ್ತಿ ಬರುವುದಿಲ್ಲ, ಹೊಸ ಕಂಪ್ರೆಸರನ್ನೂ ತಿನ್ನುತ್ತದೆ.

ಪೈಪುಗಳು ಸೇರುವ ಪ್ರತಿ ಕೀಲಿನಲ್ಲಿರುವ ರಬ್ಬರಿನ ಓ ರಿಂಗನ್ನು ಬದಲಾಯಿಸಿ. ಹಳೆಯ ಕಪ್ಪು ರಿಂಗುಗಳು ಹತ್ತು ವರ್ಷದಲ್ಲಿ ಒಣಗಿ ಚಪ್ಪಟೆಯಾಗಿರುತ್ತವೆ. ಈಗ ಈ ಗ್ಯಾಸಿಗೆ ಒಗ್ಗುವ ರಿಂಗುಗಳು ಸಿಗುತ್ತವೆ, ಹೆಚ್ಚಾಗಿ ಹಸಿರು ಬಣ್ಣದವು. ಹೋಸ್ ಪೈಪುಗಳನ್ನೂ ಬದಲಾಯಿಸುವುದು ಒಳ್ಳೆಯದು. ಆರ್-134ಎಯ ಕಣ ಚಿಕ್ಕದು, ಹಳೆಯ ರಬ್ಬರಿನ ಮೈಯಿಂದಲೇ ಜಿನುಗುತ್ತದೆ. ಒಳಗೆ ನೈಲಾನ್ ಪದರವಿರುವ ಬ್ಯಾರಿಯರ್ ಹೋಸ್ ಕೇಳಿ. ಡ್ರೈಯರ್ ಬಾಟಲಿ ಹೊಸದೇ ಆಗಬೇಕು, ಆರ್-134ಎಗೆ ಆಗುವಂಥದ್ದೇ ಎಂದು ಕೇಳಿ ತೆಗೆದುಕೊಳ್ಳಿ. ಅದರೊಳಗೆ ತೇವ ಹೀರುವ ಹರಳುಗಳಿರುತ್ತವೆ, ನಿಮ್ಮವು ಹತ್ತು ವರ್ಷದಿಂದ ಗಾಳಿಯ ತೇವ ಕುಡಿದು ಕೂತಿವೆ.

ಇಷ್ಟು ಖರ್ಚನ್ನು ಬಿಡುವ ಹಾಗಿಲ್ಲ. ಇದರ ಮೇಲೆ ಕೈಯಲ್ಲಿ ದುಡ್ಡು ಉಳಿದರೆ ಎಲ್ಲಿ ಹಾಕಬೇಕು ಎಂದರೆ, ಕಂಡೆನ್ಸರಿನ ಮೇಲೆ. ಕಣ್ಣುಮುಚ್ಚಿ ಹೇಳುತ್ತೇನೆ. ಆ ಕಾಲದ ಕಂಡೆನ್ಸರ್ ಎಂದರೆ ಹಾವಿನ ಹಾಗೆ ಸುತ್ತಿದ ಒಂದೇ ಪೈಪು, ನಡುವೆ ತಗಡಿನ ರೆಕ್ಕೆಗಳು. ಆರ್-12ಕ್ಕೆ ಅದು ಸಾಕಾಗುತ್ತಿತ್ತು. ಹೊಸ ಗ್ಯಾಸಿಗೆ ಒತ್ತಡ ಹೆಚ್ಚು, ಬಿಸಿ ಇಳಿಸಲು ದೊಡ್ಡ ಜಾಗ ಬೇಕು. ಈಗ ಬರುವುದು ಪ್ಯಾರಲಲ್ ಫ್ಲೋ ಕಂಡೆನ್ಸರ್: ಅಗಲವಾದ ಚಪ್ಪಟೆ ನಾಳಗಳು ಅಕ್ಕಪಕ್ಕದಲ್ಲಿ ಹತ್ತಾರು, ಗ್ಯಾಸ್ ಒಟ್ಟಿಗೆ ಎಲ್ಲದರಲ್ಲೂ ಹರಿಯುತ್ತದೆ. ಅಂಬಾಸಿಡರಿನ ಮೂಗು ದೊಡ್ಡದು, ಗ್ರಿಲ್ಲಿನ ಹಿಂದೆ ಜಾಗಕ್ಕೆ ಬರವಿಲ್ಲ. ಹಿಡಿಸುವಷ್ಟು ದೊಡ್ಡದನ್ನು ಅಳತೆ ಮಾಡಿ ತನ್ನಿ. ಕಂಡೆನ್ಸರಿನ ಮತ್ತು ರೇಡಿಯೇಟರಿನ ನಡುವೆ ಪಕ್ಕಗಳಲ್ಲಿ ಉಳಿಯುವ ಸಂದಿಗೆ ಸ್ಪಂಜಿನ ಪಟ್ಟಿ ಅಂಟಿಸಿ. ಇಲ್ಲದಿದ್ದರೆ ಎಂಜಿನ್ನಿನ ಬಿಸಿಗಾಳಿಯೇ ಸುತ್ತಿ ಮತ್ತೆ ಮುಂದೆ ಬರುತ್ತದೆ. ಈ ಎರಡು ರೂಪಾಯಿಯ ಸ್ಪಂಜಿಗಾಗಿ ನಮ್ಮ ಉಸ್ತಾದರು ಬೈದದ್ದು ಇನ್ನೂ ಕಿವಿಯಲ್ಲಿದೆ. ಅವರು ಹೇಳಿದ್ದು ಸರಿಯಾಗಿತ್ತು. ಮುಂದೆ ಒಂದು ಎಲೆಕ್ಟ್ರಿಕ್ ಫ್ಯಾನನ್ನು ರಿಲೇ ಮೂಲಕ ಕೊಡಿಸಿ. ಬೆಲ್ಟಿನ ಫ್ಯಾನ್ ಎಂಜಿನ್ ನಿಧಾನವಾಗಿ ತಿರುಗುವಾಗ ತಾನೂ ನಿಧಾನವಾಗುತ್ತದೆ. ಛತ್ರದ ಮುಂದೆ ಬ್ಯಾಂಡಿನವರ ಹಿಂದೆ ನಡಿಗೆಯ ವೇಗದಲ್ಲಿ ಹೋಗುವಾಗಲೇ ನಿಮಗೆ ಗಾಳಿ ಹೆಚ್ಚು ಬೇಕಾಗಿರುವುದು.

ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆ ಹಾಗೇ ಇರಲಿ. ಕಾಯಿಲ್ ತೆಗೆದು ತೊಳೆಸಿ, ಅದಕ್ಕೆ ಗ್ಯಾಸನ್ನು ಅಳೆದು ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಹೊಸದು ಹಾಕಿಸಿ. ನಿಮ್ಮ ತಂದೆಯವರು ತಿರುಗಿಸುತ್ತಿದ್ದ ಗುಂಡಿಗಳೇ ಇರಲಿ.

ಜೋಡಣೆ ಮುಗಿದ ಮೇಲೆ ನೈಟ್ರೋಜನ್ ತುಂಬಿ ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚಿ ಲೀಕ್ ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ. ನೈಟ್ರೋಜನ್ ಇಲ್ಲವೆಂದು ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರಿನಿಂದ ಒತ್ತಡ ಕೊಡುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಳಗೆ ಎಣ್ಣೆ ಇದೆ, ಎಣ್ಣೆಗೆ ಒತ್ತಡದ ಆಕ್ಸಿಜನ್ ತಾಗಿದರೆ ಸಿಡಿಯುತ್ತದೆ, ಬೆಂಕಿಕಡ್ಡಿಯೂ ಬೇಕಿಲ್ಲ. ಅಂಥ ಸಿಲಿಂಡರ್ ಎಳೆದು ತಂದರೆ ಕಾರಿನ ಕೀಲಿ ಕೈ ಇಸಿದುಕೊಂಡು ಹೊರಟುಬಿಡಿ. ಲೀಕ್ ಇಲ್ಲವೆಂದು ಖಾತ್ರಿಯಾದ ಮೇಲೆ ಪಂಪ್ ಇಟ್ಟು ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆಯಬೇಕು, ಎಂದರೆ ಒಳಗಿನ ಗಾಳಿ, ತೇವವನ್ನೆಲ್ಲ ಹೊರಗೆ ಹೀರಬೇಕು, ಪಂಪ್ ನಿಲ್ಲಿಸಿ ಅರ್ಧ ಗಂಟೆ ಗೇಜಿನ ಮುಳ್ಳು ಅಲುಗದೆ ನಿಲ್ಲಬೇಕು. ಐದು ನಿಮಿಷ ಎಳೆದು ಗ್ಯಾಸ್ ಬಿಟ್ಟರೆ ಒಳಗೆ ಉಳಿದ ತೇವ ವಾಲ್ವಿನ ಬಾಯಲ್ಲಿ ಮಂಜುಗಟ್ಟುತ್ತದೆ, ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಒಳಮೈ ಕೊರೆಯುತ್ತದೆ.

ಗ್ಯಾಸನ್ನು ತೂಕದ ಮೇಲೆ ಹಾಕಿಸಿ. ಹಳೆಯ ಗ್ಯಾಸಿನ ತೂಕದ ಶೇ. 80ರಿಂದ 90ರಷ್ಟು ಸಾಕು, ಹೊಸ ಕಂಡೆನ್ಸರಾದರೆ ಗೇಜ್ ನೋಡಿಕೊಂಡು ನಿಲ್ಲಿಸಬೇಕು. "ಇನ್ನೊಂದು ಸ್ವಲ್ಪ ಇರಲಿ" ಎಂದು ಹೆಚ್ಚು ತುಂಬಿಸಿಕೊಳ್ಳಬೇಡಿ, ಹೆಚ್ಚಾದರೆ ತಂಪು ಕಡಿಮೆಯೇ ಆಗುತ್ತದೆ. ಗ್ಯಾಸ್ ತುಂಬುವ ಹಳೆಯ ತಿರುಪಿನ ವಾಲ್ವ್‌ಗಳ ಮೇಲೆ ಹೊಸ ಅಡಾಪ್ಟರ್ ಕೂರಿಸಿ, ಯಾವ ಗ್ಯಾಸ್, ಯಾವ ಎಣ್ಣೆ, ಎಷ್ಟು ಗ್ರಾಂ ಎಂದು ಬಾನೆಟ್ಟಿನ ಒಳಗೆ ಚೀಟಿ ಅಂಟಿಸಲು ಹೇಳಿ. ಮುಂದೆ ಆ ಕಾರು ಮುಟ್ಟುವವನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇನ್ನು ಹೊರಗಿನ ಬಿಸಿ ಒಳಗೆ ಬರುವ ದಾರಿಗಳನ್ನು ಮುಚ್ಚಿಸಿ. ಬಾಗಿಲಿನ ಬೀಡಿಂಗ್ ರಬ್ಬರ್, ಪೆಡಲುಗಳ ಹಿಂದೆ ಎಂಜಿನ್ ಗೋಡೆಯಲ್ಲಿ ವೈರು ಹಾಯುವ ತೂತುಗಳು, ತಗಡಿನ ಮೇಲ್ಛಾವಣಿಗೂ ಒಳಬಟ್ಟೆಗೂ ನಡುವೆ ಒಂದು ಫೋಮ್ ಹಾಳೆ. ಹೀಟರ್ ಇದ್ದರೆ ಅದಕ್ಕೆ ಹೋಗುವ ಬಿಸಿನೀರಿನ ಎರಡು ಪೈಪುಗಳನ್ನು ಬಾನೆಟ್ಟಿನಲ್ಲೇ ಒಂದಕ್ಕೊಂದು ಸೇರಿಸಿಬಿಡಿ. ಹಳೆಯ ಹೀಟರ್ ಕಾಕ್ ಪೂರ್ತಿ ಮುಚ್ಚುವುದಿಲ್ಲ. ಎಸಿ ಒಂದು ಕಡೆ ಬಿಸಿ ಹೊರಹಾಕುತ್ತಿದ್ದರೆ, ಇನ್ನೊಂದು ಕಡೆ ಕುದಿನೀರು ಒಳಗೆ ಸುತ್ತುತ್ತಿರುತ್ತದೆ.

ಮದುವೆಯ ಹಿಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ. ಒಂದು ತಿಂಗಳು ಮೊದಲೇ ಮಾಡಿಸಿ, ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಓಡಿಸಿ ನೋಡಿ. ಎಂಜಿನ್ ಕಡೆಯ ದಪ್ಪ ಪೈಪು ತಣ್ಣಗಿದ್ದು ಬೆವರಬೇಕು, ಸಣ್ಣ ಪೈಪು ಬೆಚ್ಚಗಿರಬೇಕು. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪನ್ನು ಮಾತ್ರ ಮುಟ್ಟಬೇಡಿ, ಸುಡುತ್ತದೆ. 40 ಡಿಗ್ರಿಯ ಬಿಸಿಲಲ್ಲಿ ಜಾಲರಿಯಿಂದ ಬರುವ ಗಾಳಿ 10–12 ಡಿಗ್ರಿ ಇದ್ದರೆ ಆ ಕಾರಿನಿಂದ ಅದಕ್ಕಿಂತ ಹೆಚ್ಚು ಕೇಳಬೇಡಿ.

ಪ್ರಶ್ನೆ: ನನ್ನದು 2003ರ ಕ್ವಾಲಿಸ್, ಮದುವೆ, ಧರ್ಮಸ್ಥಳ, ತಿರುಪತಿ ಬಾಡಿಗೆ ಓಡಿಸುತ್ತೇನೆ. ಹಿಂದೂ ಮುಂದೂ ಎಸಿ ಇದೆ. ಮೂರು ವರ್ಷದಿಂದ ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸುತ್ತಿದ್ದೇನೆ. ಹಳೇ ಗಾಡಿಗೆ ಇದು ಮಾಮೂಲಿ ಎನ್ನುತ್ತಾರೆ. ಹೌದೇ?
— ಹಾಸನ

ಮಾಮೂಲಿ ಅಲ್ಲ ಅಣ್ಣ. ಗ್ಯಾಸ್ ಡೀಸೆಲ್ಲಿನಂತೆ ಉರಿದುಹೋಗುವ ವಸ್ತುವಲ್ಲ, ಖರ್ಚಾಗುವುದಿಲ್ಲ. ಹಳೆಯ ರಬ್ಬರಿನಿಂದ ವರ್ಷಕ್ಕೆ ಒಂದಿಷ್ಟು ಜಿನುಗಬಹುದು. ಒಂದೇ ವರ್ಷದಲ್ಲಿ ಎಸಿ ಸತ್ತುಹೋಗುವಷ್ಟು ಹೋಗುತ್ತಿದೆ ಎಂದರೆ ತೂತಿದೆ. ಮೂರು ವರ್ಷ ಗ್ಯಾಸಿಗೆ ಕೊಟ್ಟ ದುಡ್ಡಿನಲ್ಲಿ ಆ ತೂತು ಮುಚ್ಚಬಹುದಿತ್ತು.

ಕ್ವಾಲಿಸ್ ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ, ನನ್ನ ಕೈಯಲ್ಲಿ ಬಹಳಷ್ಟು ಹಾದುಹೋಗಿವೆ. ಅದರ ಹಿಂದಿನ ಎಸಿಗೆ ಹೋಗುವ ಪೈಪುಗಳು ಗಾಡಿಯ ಹೊಟ್ಟೆಯ ಕೆಳಗೆ ಹಾಯುತ್ತವೆ. ಇಪ್ಪತ್ತು ವರ್ಷದ ಕೆಸರು, ಜಲ್ಲಿ, ಶಿರಾಡಿ ಘಾಟಿಯ ಮಳೆ ಎಲ್ಲ ಬಡಿದಿರುವುದು ಅಲ್ಲಿ. ಕ್ಲಾಂಪ್ ಕೂತ ಜಾಗದಲ್ಲಿ ಅಲ್ಯೂಮಿನಿಯಂ ತಿಕ್ಕಿ ತಿಕ್ಕಿ ಸವೆಯುತ್ತದೆ. ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ ಟಾರ್ಚ್ ಹಿಡಿದು ನೋಡಿ. ಗ್ಯಾಸ್ ಹೋಗುವಾಗ ಎಣ್ಣೆಯನ್ನೂ ಒಯ್ಯುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಉಳಿದ ಪೈಪು ಬೂದಿ ಬಣ್ಣಕ್ಕಿದ್ದು ಒಂದು ಕಡೆ ಮಾತ್ರ ಅಂಗೈ ಅಗಲದ ಕಪ್ಪು ಜಿಡ್ಡು ಕಂಡರೆ ತೂತು ಅಲ್ಲೇ ಇದೆ, ಗೇಜೂ ಬೇಡ. ಕಾಣದಿದ್ದರೆ ಗ್ಯಾಸಿನ ಜೊತೆ ಹೊಳೆಯುವ ಬಣ್ಣ ಸೇರಿಸಿ ಅತಿನೇರಳೆ ದೀಪದಲ್ಲಿ ಹುಡುಕಬೇಕು.

ಕಂಪ್ರೆಸರಿನ ಮುಂದಿನ ಕ್ಲಚ್ಚಿನ ಸುತ್ತ ಜಿಡ್ಡಿದ್ದರೆ ಶಾಫ್ಟಿನ ಸೀಲ್ ಹೋಗಿದೆ. ಮಳೆಗಾಲ, ಚಳಿಗಾಲವೆಲ್ಲ ಎಸಿ ಮುಟ್ಟದೇ ಇಟ್ಟರೆ ಆ ಸೀಲಿಗೆ ಎಣ್ಣೆ ಸಿಗದೆ ಒಣಗುತ್ತದೆ. ಬೇಡವೆನ್ನಿಸಿದರೂ ವಾರಕ್ಕೆ ಹತ್ತು ನಿಮಿಷ ಹಾಕಿ.

ಪ್ರಶ್ನೆ: 2004ರ ಮಾರುತಿ 800 ಎಸಿ ನನ್ನದು, ದಿನಾ ಬ್ಯಾಂಕಿಗೆ ಅದರಲ್ಲೇ ಹೋಗುತ್ತೇನೆ. ಓಡುವಾಗ ತಂಪಾಗಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ಬಿಸಿಗಾಳಿ, ಎಂಜಿನ್ ನಡುಗುತ್ತದೆ. ಕಾಲಿನ ಕೆಳಗಿನ ಮ್ಯಾಟ್ ಕೂಡ ಒದ್ದೆ. ದೊಡ್ಡ ಕಂಪ್ರೆಸರ್ ಹಾಕಿಸಬೇಕೆ?
— ಸುರತ್ಕಲ್

ಬೇಡ ಮೇಡಂ. ಆ ಎಂಜಿನ್ 796 ಸಿಸಿಯದು, 37 ಅಶ್ವಶಕ್ತಿ. ಇರುವ ಕಂಪ್ರೆಸರೇ ಅದಕ್ಕೆ ಭಾರ. ದೊಡ್ಡದು ಹಾಕಿದರೆ ನಡುಕ ಹೆಚ್ಚುತ್ತದೆ, ತಂಪು ಹೆಚ್ಚುವುದಿಲ್ಲ.

ಓಡುವಾಗ ತಂಪು, ನಿಂತಾಗ ಬಿಸಿ ಎಂದರೆ ಗ್ಯಾಸ್ ಸರಿಯಿದೆ, ಬಿಸಿ ಇಳಿಯುತ್ತಿಲ್ಲ. ಎಸಿ ಹಾಕಿ ಬಾನೆಟ್ ಎತ್ತಿ ಕಂಡೆನ್ಸರಿನ ಫ್ಯಾನ್ ತಿರುಗುತ್ತದೆಯೇ ನೋಡಿ. ತಿರುಗುತ್ತಿದ್ದರೂ ಮೈಮರೆಯಬೇಡಿ. ಮೋಟಾರಿನ ಕಾರ್ಬನ್ ಸವೆದಿದ್ದರೆ ಸೋತ ದನಿಯಲ್ಲಿ ತಿರುಗುತ್ತದೆ, ಗಾಳಿ ಎಳೆಯುವುದಿಲ್ಲ. ಕಂಡೆನ್ಸರಿನ ಮೇಲೆ ಒಂದು ಹಾಳೆ ಹಿಡಿದರೆ ಅದು ಅಂಟಿ ನಿಲ್ಲಬೇಕು. ಬೆರಳುಗಳನ್ನು ಫ್ಯಾನಿನಿಂದ ದೂರ ಇಟ್ಟುಕೊಳ್ಳಿ.

ನಿಮ್ಮೂರಿನ ಕಡಲ ಗಾಳಿಯ ಮಾತು ಬೇರೆಯೇ. ಉಪ್ಪಿಗೆ ಅಲ್ಯೂಮಿನಿಯಂ ರೆಕ್ಕೆಗಳು ಬಿಳಿ ಪುಡಿಯಾಗಿ ಉದುರುತ್ತವೆ. ಉಗುರಿನಿಂದ ಮೆಲ್ಲಗೆ ಮುಟ್ಟಿ, ಹಪ್ಪಳದ ಹಾಗೆ ಮುರಿದರೆ ಕಂಡೆನ್ಸರ್ ಬದಲಿಸಿ. ಗಟ್ಟಿಯಿದ್ದರೆ ವಾರಕ್ಕೊಮ್ಮೆ ಸಾದಾ ನೀರು ಸುರಿದು ತೊಳೆಯಿರಿ. ಪ್ರೆಷರ್ ಗನ್ ಹಿಡಿಯಬೇಡಿ, ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕರಾವಳಿಯಲ್ಲಿ ಎಸಿಯ ಶ್ರಮದ ದೊಡ್ಡ ಪಾಲು ಗಾಳಿಯ ತೇವವನ್ನು ನೀರು ಮಾಡಲಿಕ್ಕೇ ಹೋಗುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿಟ್ಟುಕೊಂಡರೆ ಅದೇ ಗಾಳಿ ಒಣಗುತ್ತಾ ಹೋಗುತ್ತದೆ, ಎಸಿಗೆ ಹೊರೆ ಕಡಿಮೆ. ಆ ನೀರು ಹೊರಹೋಗುವ ಸಣ್ಣ ಡ್ರೈನ್ ಪೈಪು ಕಟ್ಟಿಕೊಂಡಿದೆ, ನಿಮ್ಮ ಮ್ಯಾಟ್ ಒದ್ದೆಯಾಗುತ್ತಿರುವುದು ಅದಕ್ಕೇ. ಹತ್ತು ನಿಮಿಷದ ಕೆಲಸ, ಇವತ್ತೇ ಮಾಡಿಸಿ, ಇಲ್ಲದಿದ್ದರೆ ನೆಲದ ತಗಡು ತುಕ್ಕು ಹಿಡಿಯುತ್ತದೆ. ನಡುಕಕ್ಕೆ, ಎಸಿ ಹಾಕಿದೊಡನೆ ಐಡ್ಲಿಂಗ್ ತುಸು ಏರಬೇಕು. ಏರದಿದ್ದರೆ ಅದನ್ನು ಏರಿಸುವ ವಾಲ್ವ್ ಮಸಿ ಕಟ್ಟಿದೆ, ಬಿಚ್ಚಿ ತೊಳೆಸಿ.

ಪ್ರಶ್ನೆ: ನಮ್ಮೂರಿನ ಒಬ್ಬರು ಅಡುಗೆ ಗ್ಯಾಸಿನಂಥದ್ದೇ ಒಂದು ಗ್ಯಾಸ್ ತುಂಬುತ್ತಾರೆ. ಅಗ್ಗ, ತಂಪೂ ಹೆಚ್ಚು. ಹಳೇ ಓಮ್ನಿಗೆ ಹಾಕಿಸಬಹುದಾ ಸಾರ್?
— ಹೊಸಪೇಟೆ

ಬೇಡ ತಮ್ಮಾ, ಬೇಡವೇ ಬೇಡ.

ತಂಪು ಕೊಡುವುದು ನಿಜ. ಪ್ರೊಪೇನ್, ಐಸೊಬ್ಯುಟೇನ್ ಒಳ್ಳೆಯ ಶೀತಕಗಳೇ. ಇವತ್ತು ಮನೆಯ ಫ್ರಿಜ್ಜಿನಲ್ಲಿರುವುದೂ ಐಸೊಬ್ಯುಟೇನೇ. ಆದರೆ ಫ್ರಿಜ್ಜಿನಲ್ಲಿ ಅದು ಕೆಲವು ಹತ್ತು ಗ್ರಾಂ, ಬೆಸುಗೆ ಹಾಕಿ ಮುಚ್ಚಿದ ಪೈಪಿನಲ್ಲಿ, ಅಲುಗದೆ ನಿಂತ ಪೆಟ್ಟಿಗೆಯಲ್ಲಿ. ಕಾರಿನಲ್ಲಿ ಅದರ ಹಲವು ಪಟ್ಟು, ರಬ್ಬರ್ ಹೋಸಿನಲ್ಲಿ, ಡಿಕ್ಕಿಯಾದರೆ ಮೊದಲು ಜಜ್ಜಿಹೋಗುವ ಮೂಗಿನಲ್ಲಿ. ಕೂಲಿಂಗ್ ಕಾಯಿಲ್ ತೂತಾದರೆ ಗ್ಯಾಸ್ ನೇರ ನೀನು ಕೂತಲ್ಲಿಗೇ ಬರುತ್ತದೆ. ಓಮ್ನಿಯಲ್ಲಂತೂ ಎಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ.

ಕೆಲವು ವರ್ಷದ ಹಿಂದೆ ನನ್ನ ಗ್ಯಾರೇಜಿಗೆ ಹೀಗೇ ಒಂದು ಓಮ್ನಿ ಬಂತು. ಬೇರೆಲ್ಲೋ ಗ್ಯಾಸ್ ತುಂಬಿಸಿದ್ದರು, ಏನೆಂದು ಮಾಲೀಕರಿಗೂ ಗೊತ್ತಿರಲಿಲ್ಲ. ಆರ್-134ಎ ಎಂದುಕೊಂಡು ಗೇಜ್ ಕೂರಿಸಿದೆ, ಅಂಕಿಗಳು ತಾಳೆಯಾಗಲಿಲ್ಲ. ಹೋಸ್ ಸಡಿಲಿಸಿದೊಡನೆ ಅಡುಗೆಮನೆಯ ಸಿಲಿಂಡರಿನ ವಾಸನೆ ಮೂಗಿಗೆ ಬಡಿಯಿತು. ಮೂರು ಮಾರು ದೂರದಲ್ಲಿ ನಮ್ಮ ಹುಡುಗ ತಾಮ್ರದ ಪೈಪಿಗೆ ಬೆಸುಗೆ ಹಾಕುತ್ತಿದ್ದ, ಟಾರ್ಚ್ ಉರಿಯುತ್ತಿತ್ತು. ನಾನು ಕೂಗಿದ ದನಿಗೆ ಅವನು ಟಾರ್ಚ್ ಆರಿಸಿ ಹೊರಗೆ ಓಡಿದ. ಓಮ್ನಿಯನ್ನು ನಾಲ್ಕು ಜನ ಬಯಲಿಗೆ ತಳ್ಳಿ, ಅಲ್ಲಿ ಮೆಲ್ಲಗೆ ಬಿಟ್ಟೆವು. ಆ ಹುಡುಗನಿಗೆ ಆಗ ಹತ್ತೊಂಬತ್ತು ವರ್ಷ. ಆ ದಿನದಿಂದ, ಬೇರೆ ಕಡೆ ಗ್ಯಾಸ್ ಹಾಕಿಸಿದ ಯಾವ ಗಾಡಿಯನ್ನೂ ಒಳಗೆ ನಿಲ್ಲಿಸಿ ಬಿಚ್ಚುವುದಿಲ್ಲ.

ಉಳಿಯುವ ಕೆಲವು ನೂರು ರೂಪಾಯಿಗೆ ನಿನ್ನ ಜೊತೆ ಕೂರುವವರನ್ನೂ, ಮುಂದೆ ಆ ಗಾಡಿ ಬಿಚ್ಚುವ ಹುಡುಗನನ್ನೂ ಅಪಾಯಕ್ಕೆ ಒಡ್ಡಬೇಡ.

ಪ್ರಶ್ನೆ: ವಿದೇಶದ ಹೊಸ ಕಾರುಗಳಲ್ಲಿ ಆರ್-1234ವೈಎಫ್ ಎಂಬ ಗ್ಯಾಸ್ ಬಂದಿದೆಯಂತೆ. ನನ್ನ 1999ರ ಎಸ್ಟೀಮಿಗೆ ಅದನ್ನೇ ಹಾಕಿಸಿದರೆ ಪರಿಸರಕ್ಕೂ ಒಳ್ಳೆಯದಲ್ಲವೇ?
— ಬೆಂಗಳೂರು

ಕಾಳಜಿ ಮೆಚ್ಚುವಂಥದ್ದು. ಯುರೋಪಿನಲ್ಲಿ 2017ರಿಂದ ಎಲ್ಲ ಹೊಸ ಕಾರುಗಳಲ್ಲೂ ಭೂಮಿಯನ್ನು ಕಡಿಮೆ ಬಿಸಿ ಮಾಡುವ ಗ್ಯಾಸನ್ನೇ ಬಳಸಬೇಕೆಂಬ ನಿಯಮವಿದೆ. ಆರ್-134ಎ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಶಾಖ ಹಿಡಿಯುತ್ತದೆ. ಆದರೆ ಹೊಸ ಗ್ಯಾಸ್ ತುಸು ಹೊತ್ತಿಕೊಳ್ಳುವ ಗುಣದ್ದು, ದುಬಾರಿ, ಅದರ ಎಣ್ಣೆ, ಕಪ್ಲಿಂಗ್, ಯಂತ್ರ ಎಲ್ಲ ಬೇರೆ. ಎಸ್ಟೀಮಿಗೆ ಅದು ಬೇಡ. ಇರುವ ಆರ್-134ಎ ಹೊರಗೆ ಹೋಗದಂತೆ ಲೀಕ್ ಮುಚ್ಚಿಸಿ. ರಿಪೇರಿಗೆ ಬಿಚ್ಚುವಾಗ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಯಂತ್ರದಲ್ಲಿ ಹಿಡಿದಿಡುವ ಗ್ಯಾರೇಜನ್ನೇ ಹುಡುಕಿ. ಬೆಂಗಳೂರಿನಲ್ಲಿ ಅದು ಕಷ್ಟವಲ್ಲ.

ಪ್ರಶ್ನೆ: ಅಜ್ಜನ ಕಾಲದ ಪ್ರೀಮಿಯರ್ ಪದ್ಮಿನಿಯನ್ನು ಪೂರ್ತಿ ರಿಪೇರಿ ಮಾಡಿಸಿ ಇಟ್ಟಿದ್ದೇನೆ. ಎಸಿ ಎಂದೂ ಇರಲಿಲ್ಲ. ಬೆಲ್ಟ್ ಬೇಡದ, ಬ್ಯಾಟರಿಯಲ್ಲೇ ನಡೆಯುವ 12 ವೋಲ್ಟಿನ ಎಲೆಕ್ಟ್ರಿಕ್ ಕಂಪ್ರೆಸರ್ ಕಿಟ್ ಸಿಗುತ್ತದೆ ಎನ್ನುತ್ತಾರೆ. ಎಂಜಿನ್ನಿಗೆ ಭಾರವಿಲ್ಲದೆ ತಂಪಾಗುತ್ತದಂತೆ. ಹಾಕಿಸಲೇ?
— ಧಾರವಾಡ

ಕಿಟ್ ಮಾರುವವರು ಹೇಳದ ಲೆಕ್ಕವನ್ನು ನಾವೇ ಹಾಕೋಣ. ಬಿಸಿಲಲ್ಲಿ ನಿಂತ ಕಾರಿಗೆ ಸುಮಾರು ಒಂದು ಟನ್ ಎಸಿ ಬೇಕು ಎಂದುಕೊಳ್ಳಿ. ಒಂದು ಟನ್ ಎಂದರೆ ಗಳಿಗೆ ಗಳಿಗೆಗೂ 3.5 ಕಿಲೋವಾಟ್ ಬಿಸಿ ಹೊರಹಾಕುವುದು. ಒಂದು ಯೂನಿಟ್ ಕರೆಂಟಿಗೆ ಎರಡು ಪಾಲು ಬಿಸಿ ಹೊರಹಾಕುತ್ತದೆ ಎಂದರೂ 1,750 ವಾಟ್ ಬೇಕಾಯಿತು. ಅದನ್ನು 12 ವೋಲ್ಟಿನಿಂದ ಭಾಗಿಸಿ: ಸುಮಾರು 145 ಆಂಪಿಯರ್. ಪದ್ಮಿನಿಯ ಆಲ್ಟರ್ನೇಟರ್ ಹೆಡ್‌ಲೈಟ್, ಹಾರ್ನ್, ವೈಪರ್‌ಗೆಂದು ಮಾಡಿದ್ದು. ಅಷ್ಟು ಕರೆಂಟ್ ಅದರ ಹತ್ತಿರ ಇಲ್ಲ, ಆ ಕಾಲದ ವೈರುಗಳಿಗೂ ಹೊರುವ ಶಕ್ತಿಯಿಲ್ಲ. ದೊಡ್ಡ ಆಲ್ಟರ್ನೇಟರ್ ಹಾಕಿದಿರೆಂದರೆ ಅದನ್ನು ತಿರುಗಿಸುವುದೂ ಅದೇ ಎಂಜಿನ್ನೇ. ಭಾರ ಎಲ್ಲಿಯೂ ಹೋಗಲಿಲ್ಲ. ಇನ್ನು ಸಣ್ಣ ಕಿಟ್ ಹಾಕಿದರೆ ತಣ್ಣನೆಯ ಗಾಳಿ ಮುಖಕ್ಕೆ ಬಂದೀತು, ಕಾರು ತಂಪಾಗುವುದಿಲ್ಲ.

ಎಸಿ ಬೇಕೇ ಬೇಕೆಂದರೆ ಬೆಲ್ಟಿನ ಸಣ್ಣ ಕಂಪ್ರೆಸರೇ ದಾರಿ. ಅದಕ್ಕೆ ಬ್ರಾಕೆಟ್ ಕಡಿಸಬೇಕು, ರೇಡಿಯೇಟರ್ ದೊಡ್ಡದಾಗಬೇಕು, ಮುಂದೆ ಎಲೆಕ್ಟ್ರಿಕ್ ಫ್ಯಾನ್ ಬೇಕು, ಡ್ಯಾಶ್‌ಬೋರ್ಡಿನ ಕೆಳಗೆ ಪೆಟ್ಟಿಗೆ ನೇತುಹಾಕಬೇಕು. ಎಂಜಿನ್ 1,089 ಸಿಸಿಯದು, 40 ಅಶ್ವಶಕ್ತಿ. ನಾನು ಇಂಥ ಎರಡು ಪದ್ಮಿನಿಗಳಿಗೆ ಎಸಿ ಕೂರಿಸಿದ್ದೇನೆ. ಇಬ್ಬರು ಮಾಲೀಕರೂ ಏರು ಬಂದಾಗ ಗುಂಡಿ ಆರಿಸಿಕೊಂಡೇ ಓಡಿಸುತ್ತಿದ್ದರು. ಒಬ್ಬರು ಎರಡು ವರ್ಷದ ಮೇಲೆ ತೆಗೆಸಿಬಿಟ್ಟರು, ಆದರೆ ಬ್ರಾಕೆಟ್ಟಿಗೆಂದು ಕೊರೆದ ತೂತುಗಳು ಹಾಗೇ ಉಳಿದವು.

ನನ್ನನ್ನು ಕೇಳಿದರೆ ಆ ಕಾರನ್ನು ಕೊರೆಯಬೇಡಿ. ಧಾರವಾಡದ ಹವೆಯಲ್ಲಿ ವರ್ಷದ ಮುಕ್ಕಾಲು ಭಾಗ ಅದಕ್ಕೆ ಎಸಿ ಬೇಡ. ಮೇಲ್ಛಾವಣಿಗೆ ಫೋಮ್ ಹಾಳೆ ಹಾಕಿಸಿ, ಎಂಜಿನ್ ಗೋಡೆಯ ತೂತುಗಳಿಗೆ ರಬ್ಬರ್ ಕೂರಿಸಿ. ಗಾಜಿಗೆ ಫಿಲ್ಮ್ ಅಂಟಿಸುವುದಾದರೆ ಬಿಸಿ ತಡೆಯುವ ತಿಳಿ ಫಿಲ್ಮ್ ಸಾಕು. ಮುಂದಿನ ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದವುಗಳಲ್ಲಿ ಶೇ. 50 ಬೆಳಕು ಹಾಯಲೇಬೇಕೆಂಬ ನಿಯಮವಿದೆ. ಮುಂದಿನ ಬಾಗಿಲಿನ ಮೂಲೆಯಲ್ಲಿ ತ್ರಿಕೋನದ ಸಣ್ಣ ಗಾಜು ಇದೆಯಲ್ಲ, ಅದರ ರಬ್ಬರ್ ಹೊಸದು ಹಾಕಿಸಿ ಚಿಲಕಕ್ಕೆ ಎರಡು ಹನಿ ಎಣ್ಣೆ ಬಿಡಿ. ಬೆಳಿಗ್ಗೆ ಏಳರೊಳಗೆ ಊರು ಬಿಟ್ಟು ಆ ಗಾಜನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಗಾಳಿ ನೇರ ಎದೆಗೆ ಬರುತ್ತದೆ.